ಹುಳ ಕೊರೆದ ದಾರಿ

ಚಿಕ್ಕಮಗಳೂರು
28 ಫೆಬ್ರವರಿ 2025

ಚಿ. ಕೃತಿಕಾಳಿಗೆ,

ಮಂಡಿಯೊಂದನ್ನು ಬಿಟ್ಟರೆ ನಾನು ಪೂರ್ತಿ ಸರಿಯಾಗಿದ್ದೇನೆ. ಆಪರೇಷನ್ ಆಗಿ ಹನ್ನೆರಡು ದಿನವಾಯಿತು. ಆರು ತಿಂಗಳು ಗುಡ್ಡ ಹತ್ತಬಾರದು ಎಂದು ಡಾಕ್ಟರ ಅಪ್ಪಣೆ. ನಿನ್ನ ಅಕ್ಕ ರಜನಿಯ ಮನೆಯ ಹತ್ತಿರ ಹತ್ತೋಣವೆಂದರೂ ಗುಡ್ಡವಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರು ಮನೆಯವರ ಕಾರು. ನಿಮ್ಮಮ್ಮನಿಗೆ ಮಾತ್ರ ಹಬ್ಬ, ಮೊಮ್ಮಗಳನ್ನು ಸೊಂಟದಿಂದ ಇಳಿಸುವುದೇ ಇಲ್ಲ.

ಫೋನಿನಲ್ಲಿ ನಿನ್ನ ಮಾತು ನನಗೆ ಅರ್ಧ ಕೇಳುವುದಿಲ್ಲ, ಕೇಳಿದ ಅರ್ಧಕ್ಕೆ ಸಿಟ್ಟು ಬರುತ್ತದೆ. ರಜನಿಯ ವಾಟ್ಸಾಪಿಗೆ ಬರೆದರೆ ಮನೆಮಂದಿಯೆಲ್ಲ ಓದಿ ಮುಗಿಸಿದ ಮೇಲೆ ನನ್ನ ಕೈಗೆ ಬರುತ್ತದೆ. ಆದ್ದರಿಂದ ಕಾಗದವೇ ವಾಸಿ. ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಕವರ್ ಕೊಟ್ಟರೆ ಮಧ್ಯಾಹ್ನಕ್ಕೆ ಬಣಕಲ್ ತಲುಪುತ್ತದೆ. ನೀನೂ ಹಾಗೇ ಮಾಡು.

ಈಗ ಕೆಲಸದ ಮಾತು. ಅರೇಬಿಕಾ ಕಾಫಿಯ ಪ್ಲಾಟಿನಲ್ಲಿ ಮುತ್ತಮ್ಮ ಮೇಸ್ತ್ರಿ ನಲವತ್ತಾರು ಗಿಡಕ್ಕೆ ಕೆಂಪು ಬಣ್ಣ ಹಚ್ಚಿದ್ದಾಳೆ. ನಲವತ್ತಾರಕ್ಕೂ ಬೋರರ್ ಹುಳ ಬಿದ್ದಿದೆ. ತೋಟದಲ್ಲಿ ಹುಟ್ಟಿದವಳಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಐದು ವರ್ಷ ಮೈಸೂರಿನಲ್ಲಿ ಮರ ಕೆತ್ತುವುದನ್ನು ಕಲಿಯುತ್ತ ಮರದ ರೋಗ ಮರೆತಿದ್ದರೆ ಎಂದು ಹೇಳುತ್ತಿದ್ದೇನೆ. ಹುಳ ಕಾಂಡದೊಳಗೆ ಕೊರೆಯುತ್ತ ಕೂತಿರುತ್ತದೆ. ಏಪ್ರಿಲ್ ಬಿಸಿಲು ಏರುತ್ತಲೇ ದುಂಬಿಯಾಗಿ, ತೂತು ಮಾಡಿಕೊಂಡು ಹೊರಗೆ ಹಾರುತ್ತದೆ. ಪಕ್ಕದ ಗಿಡದ ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ. ಕಿತ್ತು ಬಿಸಾಡಿದ ಗಿಡದಿಂದಲೂ ಹಾರುತ್ತದೆ. ಹಾಗಾಗಿ ಕಿತ್ತರೆ ಸಾಲದು, ಮಾರ್ಚ್ ಮುಗಿಯುವುದರೊಳಗೆ ಎಲ್ಲವನ್ನೂ ಸುಡಬೇಕು. ಒಂದು ತುಂಡೂ ಉಳಿಯಬಾರದು. ಹನ್ನೆರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಆರುನೂರು ಗಿಡ ಕಳೆದುಕೊಂಡವನು ನಾನು. ಈಗಿರುವುದನ್ನು ಸಸಿಯಿಂದ ಬೆಳೆಸಿದ್ದೇನೆ. ಪಕ್ಕದಲ್ಲಿ ಚನ್ನಬಸವನ ಅರೇಬಿಕಾ ಇದೆ, ಅದು ಉಳಿಯುವುದೂ ನಮ್ಮ ಕೈಯಲ್ಲೇ ಇದೆ ಎಂದು ನೆನಪಿರಲಿ.

ಇನ್ನೊಂದು ವಿಷಯ. ಇಲ್ಲಿಯ ಕಾಲೇಜಿನ ಪ್ರಿನ್ಸಿಪಾಲರು ಸಿಕ್ಕಿದ್ದರು. ಅವರ ಹೊಸ ಗ್ರಂಥಾಲಯದ ಗೋಡೆಗೆ ನೀನು ಮಾಡಿಕೊಡುವ ಕೆತ್ತನೆಯ ನಕ್ಷೆ ಇನ್ನೂ ಬಂದಿಲ್ಲವಂತೆ. ಜೂನ್‌ನಲ್ಲಿ ಉದ್ಘಾಟನೆ. ಬೇಗ ಬರೆದು ಕಳಿಸು.

ಆಶೀರ್ವಾದಗಳೊಂದಿಗೆ,
ಓಂಕಾರಮೂರ್ತಿ

*

ಬಣಕಲ್
9 ಮಾರ್ಚ್ 2025

ಅಪ್ಪನಿಗೆ ನಮಸ್ಕಾರ.

ನಲವತ್ತಾರು ಗಿಡ ಕಿತ್ತಾಯಿತು. ಮುತ್ತಮ್ಮ, ಇನ್ನು ನಾಲ್ಕು ಜನ, ಮೂರು ದಿನದ ಕೆಲಸ. ಮನೆ ಹಿಂದಿನ ಬಯಲಿನಲ್ಲಿ ಬೆಂಕಿ ಹಾಕಿದ್ದೂ ಆಯಿತು. ನನ್ನ ಕೈಯೆಲ್ಲ ಬೊಬ್ಬೆ. ಅಮ್ಮನಿಗೆ ಹೇಳಬೇಡಿ, ಎಣ್ಣೆ ಹಚ್ಚಲು ಬಸ್ಸು ಹತ್ತಿ ಬಂದುಬಿಡುತ್ತಾಳೆ.

ನಕ್ಷೆಯ ವಿಷಯ. ಅಪ್ಪ, ನನ್ನ ಹತ್ತಿರ ನಕ್ಷೆ ಇಲ್ಲ. ಸೋಮಾರಿತನದಿಂದಲ್ಲ. ಜನವರಿಯಿಂದ ಹನ್ನೊಂದು ನಕ್ಷೆ ಬರೆದು ಹರಿದಿದ್ದೇನೆ. ಕಾಗದದ ಮೇಲೆ ಎಲ್ಲ ಮುಗಿದುಹೋದರೆ ಮರದ ಹತ್ತಿರ ಹೋಗಲು ನನಗೆ ಕೆಲಸವೇ ಇರುವುದಿಲ್ಲ. ಕೊನೆಯಲ್ಲಿ ಏನಾಗುತ್ತದೆ ಎಂದು ಗೊತ್ತಿಲ್ಲದಿದ್ದರೆ ಮಾತ್ರ ನನಗೆ ಬೆಳಿಗ್ಗೆ ಬೇಗ ಎಚ್ಚರವಾಗುತ್ತದೆ. ಈ ವಾರ ಹಾಗೆ ಎಚ್ಚರವಾಗುತ್ತಿದೆ. ಹಣ್ಣು ಸುಲಿಯುವ ಕೆಲಸ ಮುಗಿದು ಖಾಲಿಯಿದ್ದ ಪಲ್ಪರ್ ಶೆಡ್ಡನ್ನು ಗುಡಿಸಿ ಕೆಲಸ ಶುರು ಮಾಡಿದ್ದೇನೆ. ಪ್ರಿನ್ಸಿಪಾಲರಿಗೆ ಸ್ವಲ್ಪ ದಿನ ತಾಳಿಕೊಳ್ಳಲು ಹೇಳುತ್ತೀರಾ?

ನಿಮ್ಮ,
ಕೃತಿಕಾ

*

ಬಣಕಲ್
9 ಮಾರ್ಚ್, ಅದೇ ದಿನ

ಅಪ್ಪ,

ಇದನ್ನು ಕವರಿಗೆ ಹಾಕುವುದಿಲ್ಲ. ಬರೆದರೆ ಎದೆ ಹಗುರಾಗುತ್ತದೇನೋ ಎಂದು ಬರೆಯುತ್ತಿದ್ದೇನೆ.

ಸುಟ್ಟಿದ್ದು ಮೂವತ್ತೆರಡು. ಹದಿನಾಲ್ಕು ಕಾಂಡ ಶೆಡ್ಡಿನಲ್ಲಿವೆ.

ಬೆಂಕಿಗೆ ಹಾಕುವ ಮೊದಲು ಒಂದನ್ನು ಸೀಳಿದೆ, ಬೇಗ ಉರಿಯಲಿ ಎಂದು. ಸೀಳಿದ ಕಾಂಡದೊಳಗೆ ಹುಳ ಕೊರೆದ ದಾರಿ ಇತ್ತು. ಬುಡದಿಂದ ಮೇಲೆ ಹೋಗಿ, ಬಳಸಿ, ವಾಪಸು ಬಂದು, ಮತ್ತೆ ಇನ್ನೊಂದು ಕಡೆ ಹೊರಟಿದೆ. ಎಲ್ಲಿಗೆ ಹೋಗಬೇಕೆಂದು ಅದಕ್ಕೂ ಗೊತ್ತಿರಲಿಲ್ಲ. ನಾನು ಹನ್ನೊಂದು ಹಾಳೆಯಲ್ಲಿ ಹುಡುಕಿದ ಗೆರೆ ಅಲ್ಲಿತ್ತು. ಕೊಡಲಿ ಕೆಳಗಿಟ್ಟೆ.

ಮುತ್ತಮ್ಮ, "ಅಮ್ಮಾ, ಸಾಹುಕಾರ್ರಿಗೆ ಗೊತ್ತಾದ್ರೆ ಮೊದ್ಲು ನನ್ನ ಕೇಳ್ತಾರೆ" ಎಂದಳು. "ಅವ್ರಿಗೆ ನಾನೇ ಹೇಳ್ತೀನಿ" ಎಂದೆ. ಹೇಳಲಿಲ್ಲ. ಹೇಳಿದರೆ ಸುಡು ಎನ್ನುತ್ತೀರಿ. ದುಂಬಿ ಹೊರಗೆ ಹಾರದಂತೆ ಕಾಂಡಗಳಿಗೆ ಗೊಬ್ಬರದ ಚೀಲ ಸುತ್ತಿ ಕಟ್ಟಿದ್ದೇನೆ. ಏಪ್ರಿಲ್‌ಗೆ ಮೊದಲು ಎಲ್ಲವನ್ನೂ ಸೀಳಿ, ಸಿಕ್ಕ ಹುಳವನ್ನು ತೆಗೆದುಹಾಕುತ್ತೇನೆ. ತೊಂದರೆಯಾಗಲಾರದು.

*

ಚಿಕ್ಕಮಗಳೂರು
21 ಮಾರ್ಚ್ 2025

ಚಿ. ಕೃತಿಕಾಳಿಗೆ,

ಕೋಲು ಊರಿಕೊಂಡು ಎರಡು ಬೀದಿ ದಾಟಿ ಪ್ರಿನ್ಸಿಪಾಲರ ಮನೆಗೆ ಹೋಗಿದ್ದೆ. ಉಪ್ಪಿಟ್ಟು ಕೊಟ್ಟರು. ಉಪ್ಪಿಟ್ಟಿನ ಮಧ್ಯೆ, "ನಕ್ಷೆ ಎಲ್ಲಿಗೆ ಬಂತು ಮೂರ್ತಿಗಳೇ?" ಎಂದರು. "ತಯಾರಾಗ್ತಿದೆ, ಇನ್ನೊಂದು ಹತ್ತು ದಿನ" ಎಂದೆ. ಅರವತ್ತೆರಡನೆಯ ವರ್ಷದಲ್ಲಿ ನಿನ್ನ ಸಲುವಾಗಿ ಸುಳ್ಳು ಹೇಳಿದೆ. ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಕೊನೆ ಗೊತ್ತಿಲ್ಲದೆ ಶುರು ಮಾಡುವುದು ಎಂದರೇನು? ಗಿಡ ನೆಡುವಾಗ ನಾವು ಹಗ್ಗ ಹಿಡಿಯುತ್ತೇವೆ, ಗೂಟ ಹೊಡೆಯುತ್ತೇವೆ. ಇಲ್ಲಿ ಗಿಡ, ಇಲ್ಲಿ ನೆರಳಿನ ಮರ, ಇಲ್ಲಿ ಬಸಿಗಾಲುವೆ. ಇಪ್ಪತ್ತು ವರ್ಷದ ಮೇಲಿನ ತೋಟವನ್ನು ಮೊದಲ ದಿನವೇ ಕಣ್ಣಿಂದ ನೋಡಿರಬೇಕು. ನಿನಗೆ ಒಂದು ಗೋಡೆಯನ್ನು ನೋಡಲು ಆಗುವುದಿಲ್ಲವೆಂದರೆ ನಾನು ಹೇಗೆ ನಂಬಲಿ?

ಮತ್ತೆ ಒಂದು ಮಾತು. ನಲವತ್ತಾರು ಗಿಡ ಸುಟ್ಟರೆ ಎಷ್ಟು ಬೂದಿಯಾಗುತ್ತದೆ ಎಂದು ನನಗೆ ಅಂದಾಜಿದೆ. ನಿನ್ನ ಪತ್ರದಲ್ಲಿ ಬೊಬ್ಬೆಯ ಸುದ್ದಿ ಇದೆ, ಬೂದಿಯದ್ದಿಲ್ಲ. ಏನು ಮಾಡಿದೆ?

ನೀನು ಕೆತ್ತುತ್ತಿರುವುದು ಯಾವ ಮರ?

ಓಂಕಾರಮೂರ್ತಿ

*

ಬಣಕಲ್
3 ಏಪ್ರಿಲ್ 2025

ಅಪ್ಪನಿಗೆ ನಮಸ್ಕಾರ.

ಹೂಮಳೆ ಚೆನ್ನಾಗಿ ಬಿತ್ತು. ಒಂಬತ್ತನೇ ದಿನಕ್ಕೆ ರೋಬಸ್ಟಾ, ಅರೇಬಿಕಾ ಎರಡೂ ಬೆಳ್ಳಗಾದವು. ನೀವಿಲ್ಲದೆ ಹೂವಾದದ್ದು ಇದೇ ಮೊದಲು, ನಿಮ್ಮ ಪರವಾಗಿ ನಾನೇ ಪ್ಲಾಟು ಸುತ್ತಿ ಬಂದೆ. ಬೂದಿಯನ್ನು ಗೊಬ್ಬರದ ಗುಂಡಿಗೆ ಹಾಕಿಸಿದ್ದೇನೆ.

ನೀವು ಹಗ್ಗ ಹಿಡಿದು ಗೂಟ ಹೊಡೆದದ್ದು ನನಗೆ ನೆನಪಿದೆ, ಹಗ್ಗದ ಇನ್ನೊಂದು ತುದಿ ಅಕ್ಕನ ಕೈಯಲ್ಲಿತ್ತು. ಪ್ಲಾಟಿನ ಮಧ್ಯೆ ಬಂಡೆ ಎದ್ದಾಗ ನಿಮ್ಮ ಗೂಟ ಏನು ಮಾಡಿತು? ಮೂರಡಿ ಪಕ್ಕಕ್ಕೆ ಹೋಯಿತು. ನನಗೆ ದಿನಕ್ಕೊಂದು ಬಂಡೆ ಎದುರಾಗುತ್ತಿದೆ, ಅಷ್ಟೇ ವ್ಯತ್ಯಾಸ.

ಕೆಲಸ ಹೇಗಿದೆ ಎಂದು ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ಒಂದು ತುಂಡನ್ನು ಕೆತ್ತಿ ನಿಲ್ಲಿಸುತ್ತೇನೆ, ಅದು ಹೇಳಿದ ಕಡೆಗೆ ಮುಂದಿನದ್ದು. ಅಂಟು ಹಾಕುವುದಿಲ್ಲ. ಅಂಟು ಹಾಕಿದರೆ ಮನಸ್ಸು ಬದಲಾಯಿಸುವ ಹಾಗಿಲ್ಲ. ಎಲ್ಲ ಮರದ ಬೆಣೆಯ ಮೇಲೇ ನಿಂತಿದೆ, ಬೇಡವೆನಿಸಿದರೆ ಬೆಣೆ ಬಡಿದು ಬಿಚ್ಚುತ್ತೇನೆ. ಈಗ ಎಂಟಡಿ ಅಗಲವಾಗಿದೆ. ಮೊನ್ನೆ ಕಾಲೇಜಿನ ಚಿತ್ರಕಲೆಯ ಮೇಷ್ಟ್ರು ಬಂದು ಅರ್ಧ ಗಂಟೆ ಸುತ್ತಿ ಸುತ್ತಿ ನೋಡಿದರು. ಕೊನೆಗೆ, "ನಕ್ಷೆ ಬೇಡಮ್ಮ, ಇದನ್ನೇ ಮುಗಿಸಿ" ಎಂದರು. ಅವರು ಹೋದ ಮೇಲೆ ಶೆಡ್ಡಿನಲ್ಲಿ ಒಬ್ಬಳೇ ಕುಣಿದೆ.

ಮರ ನಮ್ಮ ತೋಟದ್ದೇ.

ನಿಮ್ಮ,
ಕೃತಿಕಾ

*

ಚಿಕ್ಕಮಗಳೂರು
16 ಏಪ್ರಿಲ್ 2025

ಕೃತಿಕಾ,

ಇಂದು ಬೆಳಿಗ್ಗೆ ಪ್ರಿನ್ಸಿಪಾಲರು ಮನೆಗೇ ಬಂದರು. ಕೈ ಹಿಡಿದು ಕುಲುಕಿದರು. "ನಿಮ್ಮ ಮಗಳು ಕಾಫಿ ಮರದೊಳಗೆ ಹುಳ ಕೊರೆದ ದಾರಿಯನ್ನೇ ಕಲೆ ಮಾಡಿದಾಳಂತೆ, ನಮ್ಮ ಮೇಷ್ಟ್ರು ದಿನಾ ಅದೇ ಮಾತು" ಎಂದರು. ನಿಮ್ಮಮ್ಮ ಖುಷಿಯಿಂದ ಅವರಿಗೆ ಎರಡನೇ ಸಲ ಕಾಫಿ ಕೊಟ್ಟಳು. ನಾನು ನಗುತ್ತ ಕೂತಿದ್ದೆ. ನಗು ಮುಖದ ಮೇಲೆ ಹೇಗೆ ನಿಂತಿತ್ತೋ ತಿಳಿಯದು.

ಮುತ್ತಮ್ಮನಿಗೆ ಫೋನ್ ಮಾಡಿಸಿದೆ. "ಅಮ್ಮಾವ್ರನ್ನೇ ಕೇಳಿ ಸಾಮಿ" ಎಂದು ಇಟ್ಟುಬಿಟ್ಟಳು.

ನಲವತ್ತಾರರಲ್ಲಿ ಎಷ್ಟು ಸುಟ್ಟೆ? ಸಂಖ್ಯೆ ಮಾತ್ರ ಬರೆ.

ಓಂಕಾರಮೂರ್ತಿ

*

ಬಣಕಲ್
19 ಏಪ್ರಿಲ್ 2025

ಅಪ್ಪ,

ಮೂವತ್ತೆರಡು.

ಸಂಖ್ಯೆ ಮಾತ್ರ ಎಂದಿರಿ, ಆದರೆ ಉಳಿದದ್ದನ್ನೂ ಬರೆಯಬೇಕು. ಹದಿನಾಲ್ಕು ಕಾಂಡ ಇಟ್ಟುಕೊಂಡೆ. ಹತ್ತನ್ನು ಸೀಳಿ, ಸಿಕ್ಕ ಹುಳವನ್ನೆಲ್ಲ ತೆಗೆದು ಸುಟ್ಟೆ. ನಾಲ್ಕನ್ನು ಸೀಳಲೇ ಇಲ್ಲ. ಕೆಲಸ ಎಲ್ಲಿಗೆ ಹೋಗುತ್ತಿದೆ ಎಂದು ನೋಡುತ್ತ ನೋಡುತ್ತ ದಿನ ಹೋಯಿತು. ಸೀಳಿದ್ದರಲ್ಲೂ ಎಲ್ಲ ಸಿಕ್ಕಿರಲಿಲ್ಲ.

ನಿನ್ನೆ ಬೆಳಿಗ್ಗೆ ಉಳಿ ಹಿಡಿದಿದ್ದ ಕೈಯ ಮೇಲೆ ಒಂದು ದುಂಬಿ ಹತ್ತಿತು. ಕಪ್ಪು, ಬೆನ್ನಿನ ಮೇಲೆ ಬಿಳಿ ಪಟ್ಟೆ. ಕೊಂದೆ. ಆಮೇಲೆ ಒಂದೊಂದೇ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದೆ. ಪೆನ್ಸಿಲ್ ತೂರುವಷ್ಟು ಗುಂಡಗಿನ ತೂತು, ಒಟ್ಟು ಹನ್ನೊಂದು. ಚೀಲವನ್ನೂ ಕೊರೆದಿವೆ. ಸಿಕ್ಕಿದ್ದು ಆ ಒಂದೇ ದುಂಬಿ.

ಮುತ್ತಮ್ಮನ ಮೇಲೆ ಸಿಟ್ಟಾಗಬೇಡಿ. ನಾನು ನಿಮಗೆ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ. ತಪ್ಪು ನನ್ನದು. ಈಗ ಏನು ಮಾಡಲಿ?

ಕೃತಿಕಾ

*

ಚಿಕ್ಕಮಗಳೂರು
21 ಏಪ್ರಿಲ್ 2025

ಕೃತಿಕಾ,

ಸುಡು. ಎಲ್ಲವನ್ನೂ, ನಿಲ್ಲಿಸಿದ್ದು, ಕೆತ್ತಿದ್ದು, ಬೆಣೆ, ಸಿಪ್ಪೆ. ಈ ಪತ್ರ ಕೈಗೆ ಸಿಕ್ಕಿದ ದಿನವೇ.

ದುಂಬಿ ಮೊಟ್ಟೆ ಇಡದಂತೆ ಶೆಡ್ಡಿನ ಸುತ್ತ ಎಂಟು ಸಾಲಿನ ಗಿಡಗಳ ಕಾಂಡಕ್ಕೆ ಬುಡದಿಂದ ಕವಲಿನವರೆಗೆ ಸುಣ್ಣ ಬಳಿಸು. ಒಂದು ವಾರದೊಳಗೆ.

ಚನ್ನಬಸವನ ಮನೆಗೆ ನೀನೇ ಹೋಗು. ನೀನೇ ಬಾಯಿಬಿಟ್ಟು ಹೇಳು. ಅವನಿಗೆ ಫೋನ್ ಮಾಡಿ ಸಮಾಧಾನ ಹೇಳುವ ಕೆಲಸ ನಾನು ಮಾಡುವುದಿಲ್ಲ. ನನ್ನ ಅಪ್ಪ, ಅವನ ಅಪ್ಪ ಒಂದೇ ಬೇಲಿಯ ಆಚೆ ಈಚೆ ಐವತ್ತು ವರ್ಷ ಬದುಕಿದವರು. ಯಾರ ತೋಟದ ಹುಳವೂ ಬೇಲಿ ದಾಟಲು ಬಿಡಲಿಲ್ಲ.

ಆರುನೂರು ಗಿಡ ಹೋದ ವರ್ಷ ನಿನಗೆ ಹದಿನೈದು. ನಾನು ಆ ಬಯಲಿನಲ್ಲಿ ಕೂತಿದ್ದನ್ನು ನೀನು ನೋಡಿದ್ದೀಯ. ನೋಡಿಯೂ ಇಟ್ಟುಕೊಂಡೆಯಲ್ಲ.

ಸೆಪ್ಟೆಂಬರ್‌ನಲ್ಲಿ ಮುತ್ತಮ್ಮನ ಜೊತೆ ಗಿಡಗಿಡವನ್ನೂ ನೋಡು. ಶೆಡ್ಡಿನ ಸುತ್ತ ಹೊಸದಾಗಿ ಒಂದೇ ಒಂದು ಗಿಡಕ್ಕೆ ಬೋರರ್ ಬಿದ್ದಿದ್ದರೂ ತೋಟವನ್ನು ಚನ್ನಬಸವನಿಗೆ ಗುತ್ತಿಗೆಗೆ ಕೊಡುತ್ತೇನೆ. ನೀನು ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ಬರಬೇಕು. ಯಾವುದಾದರೂ ಶಾಲೆಯಲ್ಲಿ ಚಿತ್ರ ಹೇಳಿಕೊಡು. ಅಲ್ಲಿ ನಕ್ಷೆ ಇರುತ್ತದೆ.

ಓಂಕಾರಮೂರ್ತಿ

*

ಬಣಕಲ್
25 ಏಪ್ರಿಲ್ 2025

ಅಪ್ಪ,

ಇಪ್ಪತ್ತೆರಡರ ಮಧ್ಯಾಹ್ನ ಎರಡಕ್ಕೆ ನಿಮ್ಮ ಪತ್ರ ಬಂತು. ಸಂಜೆ ಐದೂವರೆಗೆ ಮುಗಿದಿತ್ತು.

ಒಟ್ಟಿಗೆ ಹೊತ್ತು ತರಲು ಆಗಲಿಲ್ಲ, ಬೆಣೆ ಬಡಿದು ಒಂದೊಂದೇ ಬಿಚ್ಚಬೇಕಾಯಿತು. ನಿಲ್ಲಿಸಲು ಆರು ವಾರ ಹಿಡಿದಿತ್ತು, ಬಿಚ್ಚಲು ನಲವತ್ತು ನಿಮಿಷ. ಕೊನೆಯ ತುಂಡನ್ನು ನಾನು ಹಾಕಲಿಲ್ಲ, ಮುತ್ತಮ್ಮ ನನ್ನ ಕೈಯಿಂದ ತೆಗೆದುಕೊಂಡು ಹಾಕಿದಳು. ಕೆಲಸ ಕೊನೆಗೆ ಏನಾಗುತ್ತಿತ್ತು ಎಂದು ಅಂದು ಬೆಳಿಗ್ಗೆಯಷ್ಟೇ ನನಗೆ ಕಂಡಿತ್ತು. ಅದನ್ನು ಬರೆಯುವುದಿಲ್ಲ.

ಮರುದಿನ ಚನ್ನಬಸವಣ್ಣನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಮೆಣಸು ಆರಿಸುತ್ತಿದ್ದರು. ನಿಂತೇ ಹೇಳಿದೆ. ಅವರ ಹೆಂಡತಿ ನನಗೆಂದು ತಂದ ಕಾಫಿಲೋಟವನ್ನು ಹಿಡಿದುಕೊಂಡೇ ಒಳಗೆ ಹೋದರು.

"ಹಾರಿದ್ದೆಷ್ಟು?"

"ಹನ್ನೊಂದು ತೂತು ಎಣಿಸ್ದೆ."

"ಎಣಿಸಿದ್ದು ಹನ್ನೊಂದು ಮಾರಾಯ್ತಿ. ಎಣಿಸ್ದೇ ಇದ್ದಿದ್ದು?"

ಅವರು ಮತ್ತೆ ಮೆಣಸು ಆರಿಸತೊಡಗಿದರು. ಆಮೇಲೆ, "ಬಂದು ಹೇಳಿದ್ಯಲ್ಲ, ನಾಳೆನೇ ಸುಣ್ಣ ಹೊಡಿಸ್ತೀನಿ. ನೀನಿನ್ನು ಹೋಗು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಎಂಟು ಸಾಲಿಗೆ ಸುಣ್ಣವಾಗಿದೆ. ನೀವು ಹೇಳಿದ್ದಕ್ಕೆ ಇನ್ನೂ ನಾಲ್ಕು ಸೇರಿಸಿ ಹನ್ನೆರಡು ಸಾಲಿಗೆ ಮಾಡಿಸಿದೆ. ಕಾಲೇಜಿಗೆ ಆಗುವುದಿಲ್ಲವೆಂದು ಬರೆದಿದ್ದೇನೆ.

ಕೃತಿಕಾ

*

ಚಿಕ್ಕಮಗಳೂರು
12 ಜುಲೈ 2025

ಚಿ. ಕೃತಿಕಾಳಿಗೆ,

ನಿನ್ನ ಪತ್ರ ಬಂದು ಹನ್ನೊಂದು ವಾರವಾಯಿತು. ನಾನೂ ಬರೆಯಲಿಲ್ಲ. ಮಂಡಿ ಪರವಾಗಿಲ್ಲ, ಕೋಲು ಬಿಟ್ಟಿದ್ದೇನೆ. ಮಳೆ ಎಷ್ಟು ಇಂಚು ದಾಟಿತು? ಬಸಿಗಾಲುವೆ ಬಿಡಿಸಿದೆಯಾ?

ಗ್ರಂಥಾಲಯದ ಉದ್ಘಾಟನೆಗೆ ಕರೆದಿದ್ದರು. ಹೋಗಿದ್ದೆ. ಆ ಗೋಡೆಗೆ ಗಡಿಯಾರ ಹಾಕಿದ್ದಾರೆ.

ಮತ್ತೆ ಕೆತ್ತುತ್ತಿದ್ದೀಯಾ ಎಂದು ನಿಮ್ಮಮ್ಮ ಕೇಳುತ್ತಾಳೆ.

ಓಂಕಾರಮೂರ್ತಿ

*

ಬಣಕಲ್
19 ಜುಲೈ 2025

ಅಪ್ಪನಿಗೆ ನಮಸ್ಕಾರ.

ಇಲ್ಲಿಯವರೆಗೆ ಐವತ್ತೆಂಟು ಇಂಚು. ಬಸಿಗಾಲುವೆ ಬಿಡಿಸಿದ್ದೇನೆ. ಒಂದು ಸಿಲ್ವರ್ ಓಕ್ ಬಿತ್ತು, ಗಿಡಕ್ಕೆ ಪೆಟ್ಟಾಗಿಲ್ಲ.

ಉಳಿಗಳಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ ಎಂದು ಅಮ್ಮನಿಗೆ ಹೇಳಿ.

ಕೃತಿಕಾ

*

ಬಣಕಲ್
18 ಸೆಪ್ಟೆಂಬರ್ 2025

ಅಪ್ಪ,

ಬೋರರ್ ಬಿದ್ದ ಗಿಡ ಹುಡುಕುವ ಟ್ರೇಸಿಂಗ್ ಮುಗಿಯಿತು. ಶೆಡ್ಡಿನ ಸುತ್ತ ಹತ್ತೊಂಬತ್ತು ಗಿಡ.

ಮೊದಲ ದಿನ ಮುತ್ತಮ್ಮ ಹದಿಮೂರಕ್ಕೆ ಬಣ್ಣ ಹಚ್ಚಿದಳು. ನನಗೆ ನಿದ್ದೆ ಬರಲಿಲ್ಲ. ಮರುದಿನ ಒಬ್ಬಳೇ ಹೋಗಿ ಪ್ರತಿ ಕಾಂಡದ ಸುತ್ತ ಬೆರಳಾಡಿಸಿ ನೋಡಿದೆ. ತೊಗಟೆಯ ಕೆಳಗೆ ಉಬ್ಬಿದ ಗೆರೆ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಇನ್ನೂ ಆರು ಸಿಕ್ಕವು. ಎಲ್ಲವೂ ಹದಿನೈದನೇ ಸಾಲಿನೊಳಗೆ ಇವೆ, ಆಚೆ ಹೋಗಿಲ್ಲ. ಚನ್ನಬಸವಣ್ಣನ ಕಡೆ ಮೂರು. ಅವರ ಗಿಡಗಳನ್ನೂ ನಾನೇ ಹೋಗಿ ನೋಡಿಕೊಟ್ಟೆ. ಮೂರು ಎಂದಾಗ ಅವರು ತಲೆ ಅಲ್ಲಾಡಿಸಿದರು. ಈ ಸಲ ಕಾಫಿ ಮಾತ್ರ ಕೊಟ್ಟರು.

ನಿಮ್ಮ ಷರತ್ತು ಮುತ್ತಮ್ಮನಿಗೂ ಗೊತ್ತಿದೆ. ನಿನ್ನೆ ಗೇಟಿನ ಹತ್ತಿರ ನಿಂತು, "ಅಮ್ಮಾ, ಒಂದೂ ಇಲ್ಲ ಅಂತ ಬರೀರಿ. ನಾಕು ದಿನದಾಗೆ ನಾನು ಕಿತ್ತು ಸುಟ್ಟುಬಿಡ್ತೀನಿ. ಸಾಹುಕಾರ್ರು ಗುಡ್ಡ ಹತ್ತೋ ಹೊತ್ತಿಗೆ ಗುಂಡಿನೂ ಮುಚ್ಚಿರ್ತದೆ" ಎಂದಳು. ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಹಾಗೆಯೇ ಬರೆಯೋಣವೆಂದು ಪೆನ್ನು ಹಿಡಿದು ಕೂತಿದ್ದೂ ನಿಜ. ನನಗೆ ಈ ತೋಟ ಬಿಟ್ಟು ಬರಲು ಇಷ್ಟವಿಲ್ಲ ಅಪ್ಪ. ಒಂದು ಚೂರೂ ಇಷ್ಟವಿಲ್ಲ.

ಆದರೆ ಹತ್ತೊಂಬತ್ತು. ನೀವು ಸಸಿಯಿಂದ ಬೆಳೆಸಿದ್ದು. ಕ್ಷಮಿಸಿ.

ಒಂದು ಮಾತನ್ನು ಏಪ್ರಿಲ್‌ನಿಂದ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೇನೆ. ನಕ್ಷೆ ಇಲ್ಲದೆ ಶುರು ಮಾಡಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಇನ್ನೊಂದು ಸಲ ಶುರು ಮಾಡಿದರೂ ಹಾಗೇ ಮಾಡುತ್ತೇನೆ. ನಿಮ್ಮನ್ನು ಕೇಳದೆ, ನಿಮ್ಮ ಗಿಡಗಳನ್ನು ಪಣಕ್ಕಿಟ್ಟು ಶುರು ಮಾಡಿದೆನಲ್ಲ, ಅದಕ್ಕೆ ಕೇಳುತ್ತೇನೆ.

ಬಟ್ಟೆ ಕಟ್ಟಿಟ್ಟಿದ್ದೇನೆ. ಯಾವತ್ತು ಬರಲಿ ಎಂದು ತಿಳಿಸಿ. ಹತ್ತೊಂಬತ್ತನ್ನೂ ಸುಟ್ಟೇ ಬರುತ್ತೇನೆ.

ಕೃತಿಕಾ

*

ಚಿಕ್ಕಮಗಳೂರು
22 ಸೆಪ್ಟೆಂಬರ್ 2025

ಚಿ. ಕೃತಿಕಾಳಿಗೆ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಇದು ನಾನು ಬರೆಯುತ್ತಿರುವ ನಾಲ್ಕನೇ ಉತ್ತರ.

ಬೋರರ್ ಬಿದ್ದ ಕಾಂಡವನ್ನು ಸುಡಲೇಬೇಕೆಂದಿಲ್ಲ. ಹತ್ತು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟರೆ ಒಳಗಿನ ಹುಳ, ಮೊಟ್ಟೆ ಎಲ್ಲ ಸಾಯುತ್ತವೆ. ಮರ ಹಾಗೇ ಉಳಿಯುತ್ತದೆ. ಸೌದೆಗೆ ಬೇಕು ಎಂದವರು ಹಾಗೆ ಮಾಡುತ್ತಾರೆ, ನಿನ್ನ ತಾತನೂ ಮಾಡುತ್ತಿದ್ದರು. ಶೆಡ್ಡಿನಲ್ಲಿ ಸುಲಿದ ಕಾಫಿಬೀಜ ತೊಳೆಯುವ ತೊಟ್ಟಿ ಇದೆಯಲ್ಲ, ಅದರಲ್ಲೇ. ಮಾರ್ಚ್‌ನಲ್ಲಿ ನೀನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ.

ಇದನ್ನೇ ಬರೆದು ನಿಲ್ಲಿಸಿದ್ದರೆ ಮೊದಲನೇ ಉತ್ತರಕ್ಕೇ ಮುಗಿಯುತ್ತಿತ್ತು.

ಏಪ್ರಿಲ್ ಇಪ್ಪತ್ತೊಂದರಂದು ಸುಡು ಎಂದು ಬರೆಯುವಾಗಲೂ ಇದು ನನಗೆ ಗೊತ್ತಿತ್ತು. ಮರೆತಿರಲಿಲ್ಲ. ಅಂಟು ಹಾಕಿಲ್ಲ, ಬೆಣೆ ಬಿಚ್ಚಿದರೆ ತುಂಡುತುಂಡಾಗಿ ಬರುತ್ತದೆ ಎಂದು ನೀನೇ ಬರೆದಿದ್ದೆ. ಆ ಪತ್ರ ನನ್ನ ಮೇಜಿನ ಮೇಲೆ ಇತ್ತು. ಬಿಚ್ಚಿ ತೊಟ್ಟಿಗೆ ಹಾಕಿ ನೀರು ಬಿಡು ಎಂದರೆ ಸಾಕಿತ್ತು. ಅರ್ಧ ದಿನದ ಕೆಲಸ, ಮೇ ಮೊದಲ ವಾರಕ್ಕೆ ನೀನು ಮತ್ತೆ ನಿಲ್ಲಿಸಬಹುದಿತ್ತು. ಬರೆಯಲಿಲ್ಲ. ನಿನ್ನ ಕೆಲಸ ಸುಟ್ಟುಹೋಗಲಿ ಎಂದು ನನಗೆ ಅನ್ನಿಸಿತ್ತು. ನನ್ನ ಗಿಡಕ್ಕೆ ಬೆಲೆ ಕೊಡದವಳ ಕೈಯಿಂದಲೇ ಸುಡಿಸಬೇಕು ಅನ್ನಿಸಿತ್ತು. ಬಸ್ ಸ್ಟ್ಯಾಂಡಿಗೆ ನಾನೇ ನಡೆದು ಹೋಗಿ ಕವರ್ ಕೊಟ್ಟೆ, ಯಾರನ್ನೂ ಕಳಿಸಲಿಲ್ಲ. ದಾರಿಯಲ್ಲಿ ತಿರುಗಿ ಬರಬಹುದಿತ್ತು.

ಆಮೇಲೆ ನೀನು ನಲವತ್ತು ನಿಮಿಷ ಎಂದು ಬರೆದೆ. ಅದನ್ನು ಓದಿದ ದಿನದಿಂದ ಹೇಳಬೇಕೆಂದುಕೊಂಡೆ. ಜುಲೈನಲ್ಲಿ ಹೇಳಲು ಕೂತು ಮಳೆ ಎಷ್ಟು ಇಂಚು ಎಂದು ಕೇಳಿದೆ. ಗ್ರಂಥಾಲಯಕ್ಕೆ ಹೋದ ದಿನ ಆ ಗೋಡೆಯ ಎದುರಿನ ಕುರ್ಚಿಯೇ ನನಗೆ ಸಿಕ್ಕಿತ್ತು. ಎರಡು ಗಂಟೆ ಕೂತಿದ್ದೆ.

ಒಂದೂ ಇಲ್ಲ ಎಂದು ನೀನು ಬರೆದಿದ್ದರೆ ನಾನೂ ಸುಮ್ಮನಿದ್ದುಬಿಡುತ್ತಿದ್ದೆ. ನಿನ್ನೆ ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ರಾತ್ರಿ ಅವಳು ಮೊಮ್ಮಗಳ ಕೋಣೆಗೆ ಹೋಗಿ ಮಲಗಿದಳು.

ಗುತ್ತಿಗೆಯ ಮಾತು ಬಿಡು, ಅದು ಸಿಟ್ಟಿನಲ್ಲಿ ಬಂದದ್ದು. ತೋಟ ನಿನ್ನ ಕೈಯಲ್ಲೇ ಇರಲಿ. ಹತ್ತೊಂಬತ್ತನ್ನು ಸುಡುತ್ತೀಯೋ ಮುಳುಗಿಸುತ್ತೀಯೋ ನೀನೇ ನೋಡು. ಡಾಕ್ಟರು ಗುಡ್ಡ ಹತ್ತಬಹುದು ಎಂದಿದ್ದಾರೆ. ನಾನು ಬರಬಹುದೋ ಬೇಡವೋ ಎಂದು ನೀನು ಹೇಳಬೇಕು.

ನಿನ್ನ ಅಪ್ಪ

*

ಬಣಕಲ್
26 ಸೆಪ್ಟೆಂಬರ್ 2025

ಅಪ್ಪ,

ನಿಮ್ಮ ಪತ್ರ ಓದಿ ನನಗೆ ಬಹಳ ಸಿಟ್ಟು ಬಂತು. ಶೆಡ್ಡಿನ ಬಾಗಿಲನ್ನು ಒದ್ದೆ, ಕೀಲು ಕಿತ್ತು ಬಂತು. ಇದನ್ನು ಬರೆಯುವಾಗಲೂ ಸಿಟ್ಟಿದೆ, ಅಕ್ಷರ ನೋಡಿದರೆ ತಿಳಿಯುತ್ತದೆ.

ಗಿಡ ಕಿತ್ತಾಯಿತು. ಬೇರು, ಕೊಂಬೆ ಸುಟ್ಟೆವು. ಹತ್ತೊಂಬತ್ತು ಕಾಂಡ ತೊಟ್ಟಿಯಲ್ಲಿವೆ, ಮೊನ್ನೆ ಇಪ್ಪತ್ತನಾಲ್ಕರಿಂದ. ತೇಲುತ್ತಿದ್ದವು, ಮೇಲೆ ಕಲ್ಲು ಹೇರಿದ್ದೇವೆ. ಚನ್ನಬಸವಣ್ಣ ತಮ್ಮ ಮೂರನ್ನೂ ಹೊತ್ತು ತಂದು ಹಾಕಿ ಹೋದರು. ಒಟ್ಟು ಇಪ್ಪತ್ತೆರಡು.

ಅಕ್ಟೋಬರ್ ನಾಲ್ಕಕ್ಕೆ ಹತ್ತು ದಿನವಾಗುತ್ತದೆ. ಅದಕ್ಕಿಂತ ಮುಂಚೆ ಬರಬೇಡಿ. ನನಗೂ ಅಷ್ಟು ದಿನ ಬೇಕು.

ಐದರ ಬೆಳಗಿನ ಬಸ್ಸಿಗೆ ಬನ್ನಿ. ಏನು ಮಾಡುತ್ತೀಯ ಎಂದು ಕೇಳಬೇಡಿ, ಗೊತ್ತಿಲ್ಲ. ನೆನೆದ ಕಾಂಡವನ್ನು ಸೀಳುವಾಗ ಜಾರುತ್ತದೆ. ಆ ತುದಿಯನ್ನು ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಕೃತಿಕಾ